ಬಿಡುವಿನ ಬೆಲೆ

ಪರೀಕ್ಷೆಯ ಕೊನೆಯ ದಿನ ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಬರುವ ವಿದ್ಯಾರ್ಥಿಗೆ ಜಗತ್ತೇ ಹಗುರವಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಗಡಿಯಾರದ ಮುಳ್ಳನ್ನು ಹಿಂಬಾಲಿಸಿದ ಮನಸ್ಸಿಗೆ ಅಂದು ಬಿಡುಗಡೆ. ಆದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಬಿಡುವೇ ಭಾರವಾಗತೊಡಗುವುದೂ ಉಂಟು. ದೊರೆತ ಬಿಡುವನ್ನು ಬಳಸುವುದು ಹೇಗೆ? ಇದು ವಿದ್ಯಾರ್ಥಿಗಳ ಪ್ರಶ್ನೆ ಮಾತ್ರವಲ್ಲ. ಯಂತ್ರಯುಗದಲ್ಲಿ ಬಾಳುವ ಎಲ್ಲರ ಪ್ರಶ್ನೆ.

ಧಾರವಾಡದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳ ಪರೀಕ್ಷೆ ಮುಗಿದ ವಾರವೇ ಆ ಮನೆಗೆ ಒಂದು ವ್ಯಾಕ್ಯೂಮ್ ಕ್ಲೀನರ್ ಬಂದಿದೆ. ಹುಡುಗಿ ಗುಂಡಿಯನ್ನು ಒತ್ತುತ್ತಾಳೆ. ಯಂತ್ರ ಗುಂಯ್ ಎನ್ನುತ್ತದೆ. ಜಮಖಾನೆ, ಪುಸ್ತಕದ ಕಪಾಟು, ಕಿಟಕಿಯ ಸಂದುಗಳೆಲ್ಲ ನೋಡನೋಡುತ್ತಲೇ ಶುಭ್ರವಾಗುತ್ತವೆ. ಕಸಬರಿಗೆಯಿಂದ ಗುಡಿಸಿದಾಗ ಮೇಲೆದ್ದು ಮತ್ತೆ ಅಲ್ಲಿಯೇ ಬಂದು ಕೂರುತ್ತಿದ್ದ ಧೂಳು ಈಗ ಚೀಲ ಸೇರುತ್ತದೆ. ಬಾಗಿಲ ಬಳಿ ಕುಳಿತು ನೋಡುತ್ತಿದ್ದ ಅಜ್ಜಿ, “ಒಂದು ತಾಸಿನ ಕೆಲಸ ಕಾಲು ತಾಸಿನಾಗ ಮುಗೀತಲ್ಲವಾ! ಉಳಿದ ಮುಕ್ಕಾಲು ತಾಸು ಏನು ಮಾಡ್ತಿ?” ಎಂದು ಕೇಳುತ್ತಾಳೆ. ಹುಡುಗಿಗೆ ಕೂಡಲೇ ಉತ್ತರ ಹೊಳೆಯುವುದಿಲ್ಲ.

ಈ ಯಂತ್ರದ ಹುಟ್ಟಿನ ಕಥೆ ಸ್ವಾರಸ್ಯಕರವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿಯನ್ನು ಊದಿ ಧೂಳನ್ನು ಹಾರಿಸುವ ಒಂದು ಯಂತ್ರವನ್ನು ಕಂಡನು. ಧೂಳನ್ನು ಹಾರಿಸುವ ಬದಲು ಸೆಳೆದುಕೊಂಡರೆ ಹೇಗೆ ಎಂಬ ಯೋಚನೆ ಅವನಿಗೆ ಬಂದಿತು. ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನಿರಿಸಿ ಬಾಯಿಯಿಂದ ಹೀರಿ ನೋಡಿದನು. ವಸ್ತ್ರಕ್ಕೆ ಧೂಳು ಅಂಟಿತ್ತು. 1901ರಲ್ಲಿ ಅವನು ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದು ಮನೆಯೊಳಗೆ ಹಿಡಿಸುವಂಥದಾಗಿರಲಿಲ್ಲ. ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲುತ್ತಿದ್ದ ಯಂತ್ರದಿಂದ ಉದ್ದನೆಯ ಕೊಳವೆಗಳನ್ನು ಕಿಟಕಿಗಳ ಮೂಲಕ ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿಗೊಳಿಸಿದ್ದು ಈ ಯಂತ್ರವೇ.

ಅದನ್ನು ಕೈಯಲ್ಲಿ ಹಿಡಿದು ನಡೆಸುವಂತೆ ಮಾಡಿದವರಲ್ಲಿ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಪ್ರಮುಖನು. ಅವನು ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದ ಅಂಗಡಿಯೊಂದರಲ್ಲಿ ಕಸಗುಡಿಸುವ ಕೆಲಸದಲ್ಲಿದ್ದನು. ಅವನಿಗೆ ಉಬ್ಬಸದ ಬಾಧೆ. ಗುಡಿಸಿದಾಗ ಏಳುವ ಧೂಳು ಅವನ ಉಸಿರನ್ನೇ ಕಟ್ಟಿಸುತ್ತಿತ್ತು. ಒಂದು ಪಂಖದ ಮೋಟಾರು, ಕಸಬರಿಗೆಯ ಹಿಡಿ, ದಿಂಬಿನ ಚೀಲ ಇವನ್ನು ಜೋಡಿಸಿ ಅವನು ತನ್ನ ಕಷ್ಟಕ್ಕೆ ಪರಿಹಾರವನ್ನು ಕಂಡುಕೊಂಡನು. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಯಂತ್ರದ ತತ್ತ್ವ ಸರಳವಾದುದು. ಒಳಗಿನ ಪಂಖವು ವೇಗವಾಗಿ ತಿರುಗಿ ಗಾಳಿಯನ್ನು ಹೊರಕ್ಕೆ ತಳ್ಳಿದಾಗ ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಆ ಕೊರತೆಯನ್ನು ತುಂಬಲು ಕೊಳವೆಯ ಮೂಲಕ ನುಗ್ಗುತ್ತದೆ. ನುಗ್ಗುವಾಗ ಧೂಳನ್ನೂ ಒಯ್ಯುತ್ತದೆ. ನಾವು ‘ಹೀರುವುದು’ ಎನ್ನುವುದು ವಾಸ್ತವವಾಗಿ ಹೊರಗಿನ ಗಾಳಿಯ ನೂಕುವಿಕೆಯೇ. ಚೀಲವು ಧೂಳನ್ನು ತಡೆದು ಗಾಳಿಯನ್ನು ಮಾತ್ರ ಹೊರಬಿಡುತ್ತದೆ. ಚೀಲ ತುಂಬಿದರೆ ಗಾಳಿಗೆ ದಾರಿಯಿಲ್ಲದೆ ಯಂತ್ರದ ಶಕ್ತಿ ಕುಗ್ಗುತ್ತದೆ.

ಇಷ್ಟೆಲ್ಲ ಆದರೂ ಅಜ್ಜಿಯ ಪ್ರಶ್ನೆ ಉಳಿದೇ ಇದೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ಮನೆಗೆ ಯಂತ್ರಗಳು ಬಂದರೂ ಗೃಹಿಣಿಯ ದುಡಿಮೆಯ ಹೊತ್ತು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಶುಚಿತ್ವದ ಅಳತೆಗೋಲು ಏರಿತು. ಹಿಂದೆ ಗಂಡಸರೂ ಮಕ್ಕಳೂ ಹಂಚಿಕೊಳ್ಳುತ್ತಿದ್ದ ಕೆಲಸ ಅವಳೊಬ್ಬಳ ಪಾಲಿಗೆ ಬಂದಿತು. ಹೊತ್ತನ್ನು ಉಳಿಸಿಕೊಡುವುದು ಯಂತ್ರದ ಕೆಲಸ. ಅದನ್ನು ಯಾರಿಗೆ, ಯಾವುದಕ್ಕೆ ಕೊಡಬೇಕೆಂದು ನಿಶ್ಚಯಿಸುವುದು ಮನುಷ್ಯರ ಕೆಲಸ. ಆ ಮನೆಯಲ್ಲಿ ತಮ್ಮನೂ ಯಂತ್ರವನ್ನು ಹಿಡಿದರೆ ಮಾತ್ರ ಅಕ್ಕನಿಗೂ ತಾಯಿಗೂ ನಿಜವಾದ ಬಿಡುವು ದೊರೆಯುತ್ತದೆ.

ಅಜ್ಜಿ ತನ್ನ ಟ್ರಂಕಿನಿಂದ ಒಂದು ಹಳೆಯ ಚಂದ್ರಕಾಳಿ ಸೀರೆಯನ್ನು ಹೊರತೆಗೆಯುತ್ತಾಳೆ. ಕಪ್ಪು ಒಡಲಿನ ಮೇಲೆ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳು ಬಣ್ಣದ ದಾರದಲ್ಲಿ ಮೂಡಿವೆ. ಇದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಸೂತಿ. ಇದಕ್ಕೆ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ಇದರಲ್ಲಿವೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗುತ್ತದೆ. ಮರಳುವಾಗ ಬಿಟ್ಟ ಸ್ಥಳಗಳನ್ನು ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡು ಬದಿಯೂ ಒಂದೇ ರೀತಿ ಕಾಣುತ್ತದೆ. ಮುರಗಿ ಅಂಕುಡೊಂಕಾಗಿ ಸಾಗುತ್ತದೆ. ನೇಗಿ ನೇಯ್ಗೆಯಂತೆ ತೋರುತ್ತದೆ. ಮೆಂತೆ ಅಡ್ಡಡ್ಡಲಾಗಿ ದಾಟುವ ಹೊಲಿಗೆ. ಇಂದು ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಸೀರೆಯೊಂದನ್ನು ತುಂಬಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಯಂತ್ರದಲ್ಲಿ ಅಚ್ಚೊತ್ತಿದ ಅಗ್ಗದ ನಕಲುಗಳೆದುರು ಈ ಶ್ರಮಕ್ಕೆ ತಕ್ಕ ಬೆಲೆ ಸಿಗದಿದ್ದರೆ ಕಲೆ ಬಡವಾಗುತ್ತದೆ.

ಹುಡುಗಿ ಒಂದು ತುಂಡು ಬಟ್ಟೆಯ ಮೇಲೆ ಚಿಕ್ಕ ಗೋಪುರವನ್ನು ಆರಂಭಿಸುತ್ತಾಳೆ. ನಾಲ್ಕು ಎಳೆಗಳ ಬದಲು ಒಂದೆಡೆ ಮೂರನ್ನು ಎಣಿಸಿದ್ದರಿಂದ ಗೆರೆ ಕೊನೆಯಲ್ಲಿ ಕೂಡಿಕೊಳ್ಳುವುದಿಲ್ಲ. ಪರೀಕ್ಷೆಯ ತಪ್ಪು ತಿಳಿಯಲು ವಾರಗಟ್ಟಲೆ ಕಾಯಬೇಕು, ತಿದ್ದಲು ಮತ್ತೆ ಅವಕಾಶವಿಲ್ಲ. ಸೂಜಿಯ ತಪ್ಪು ಆ ಕ್ಷಣವೇ ಕಾಣುತ್ತದೆ. ಬಿಚ್ಚಿ ಮತ್ತೆ ಹೊಲಿಯಬಹುದು. ಅವಳು ಬಿಚ್ಚುತ್ತಾಳೆ, ಎಣಿಸುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಅಂಕಗಳಿಲ್ಲ, ಅವಸರವಿಲ್ಲ; ಆದರೂ ಮನಸ್ಸು ಪರೀಕ್ಷೆಯ ದಿನಗಳಿಗಿಂತ ಹೆಚ್ಚು ಏಕಾಗ್ರವಾಗಿದೆ. ದುಡಿಮೆಯೇ ವಿಶ್ರಾಂತಿಯಾಗುವುದು ಇಂಥಲ್ಲಿ.

ಮನೆಯ ಮೂಲೆಯಲ್ಲಿ ಯಂತ್ರ ಮೌನವಾಗಿ ನಿಂತಿದೆ. ಅದು ಉಳಿಸಿಕೊಟ್ಟ ಹೊತ್ತು ಹುಡುಗಿಯ ಬೆರಳುಗಳಲ್ಲಿ ಗೋಪುರವಾಗಿ ಏರುತ್ತಿದೆ. ಸಂಜೆ ಅವಳು ಬಟ್ಟೆಯನ್ನು ಅಜ್ಜಿಯ ಕೈಗೆ ಕೊಡುತ್ತಾಳೆ. ಅಜ್ಜಿ ಮುಂಬದಿಯನ್ನು ನೋಡುವ ಮೊದಲು ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುತ್ತಾಳೆ. ಅಲ್ಲಿಯೂ ಅದೇ ಗೋಪುರ. “ಹೂಂ, ಕೂಡೈತಿ” ಎಂದು ನಗುತ್ತಾಳೆ.