ಬಣ್ಣವೂ ಜನಾಂಗವೂ

ಕೆಂಗೇರಿಯಿಂದ ವಿಜಯನಗರಕ್ಕೆ ಮೆಟ್ರೋ ಗಾಡಿಯಲ್ಲಿ ಹೋಗುವಾಗ ಎದುರು ಸಾಲಿನವರ ಮುಖಗಳನ್ನು ನೋಡಿರಿ. ಒಬ್ಬನು ಎಣ್ಣೆಗಪ್ಪು, ಒಬ್ಬಳು ಗೋಧಿಬಣ್ಣ. ಒಬ್ಬನ ಮೂಗು ನೀಳ, ಮತ್ತೊಬ್ಬನದು ಅಗಲ. ಇವರು ಬೇರೆ ಬೇರೆ ಜನಾಂಗದವರೋ? ಇದು ಹಗುರವಾದ ಪ್ರಶ್ನೆಯಲ್ಲ. ಯಾಕಂದರೆ ಮುಖ ನೋಡಿ ಮನುಷ್ಯನಿಗೆ ಬೆಲೆ ಕಟ್ಟುವ ರೂಢಿಯಿಂದ ನಮ್ಮಲ್ಲಿ ಅನೇಕರು ನೊಂದಿದ್ದಾರೆ.

ಹಿಂದೆ ಪಂಡಿತರೂ ಈ ತಪ್ಪಿನಲ್ಲಿ ಬಿದ್ದರು. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿ ಎಂಬವನು, ಮೂಗು ಅಗಲವಾದಷ್ಟೂ ಜಾತಿಯು ಕೀಳೆಂದು ಅಳತೆಗಳ ಆಧಾರದಿಂದ ವಾದಿಸಿದನು. ಆದರೆ ಒಂದೇ ಜಾತಿಯೊಳಗೆ ಎಲ್ಲಾ ತರದ ಮೂಗುಗಳೂ ಸಿಕ್ಕುವವು. ಅಳತೆಗೋಲು ಮೂಗನ್ನು ಅಳೆಯಬಲ್ಲದು, ಯೋಗ್ಯತೆಯನ್ನು ಅಳೆಯಲಾರದು.

ಹಾಗಾದರೆ ಬಣ್ಣವು ಎಲ್ಲಿಂದ ಬಂತು? ಬಿಸಿಲಿನಿಂದಲೇ. ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವಸ್ತುವು ತೀಕ್ಷ್ಣವಾದ ಬಿಸಿಲಿನಿಂದ ಶರೀರವನ್ನು ಕಾಯುವದು. ಬಿಸಿಲು ಕಡಿಮೆಯಾದ ದೇಶಗಳಲ್ಲಿ ತೆಳುಬಣ್ಣದ ಚರ್ಮವು ಡಿ ಜೀವಸತ್ವವನ್ನು ಸುಲಭವಾಗಿ ಮಾಡಿಕೊಳ್ಳುವದು. ಸಾವಿರಾರು ವರ್ಷಗಳಲ್ಲಿ ಆಯಾ ದೇಶದವರಿಗೆ ತಕ್ಕ ಬಣ್ಣವು ನೆಲೆಗೊಂಡಿತು.

ನಮ್ಮ ರಾಜ್ಯದಲ್ಲಿಯೇ ಒಂದು ದೃಷ್ಟಾಂತವುಂಟು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿ ಎಂಬ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕಾದವರು. ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಉಂಟು. 2003ರಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2011ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯಲ್ಲಿ ಇವರೊಳಗೆ ಆಫ್ರಿಕಾದ ವಂಶದ ಸಂಗಡ ಭಾರತದ ವಂಶವೂ ಯೂರೋಪಿನ ವಂಶವೂ ಕಂಡುಬಂದವು. ಹೀಗಿರಲಾಗಿ ಜನಾಂಗಗಳ ನಡುವೆ ಗೆರೆಯನ್ನು ಎಲ್ಲಿ ಎಳೆಯುವದು?

ಕೆಂಗೇರಿಯ ರೋಗಿಯೊಬ್ಬನಿಗೆ ರಕ್ತವು ಬೇಕಾಯಿತೆನ್ನಿರಿ. ಗುಂಪು ಕೂಡದಿದ್ದರೆ ಸ್ವಂತ ತಮ್ಮನ ರಕ್ತವೂ ಪ್ರಾಣ ತೆಗೆಯಬಹುದು. ಗುಂಪು ಕೂಡಿದರೆ ಯಲ್ಲಾಪುರದ ಸಿದ್ದಿಯ ರಕ್ತವು ಪ್ರಾಣ ಉಳಿಸಬಹುದು. ರಿಸ್ಲಿಯ ಜನಗಣತಿ ನಡೆದ 1901ರಲ್ಲಿಯೇ ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯನು ಈ ಗುಂಪುಗಳನ್ನು ಪ್ರಕಟಿಸಿದನು. ಎ, ಬಿ, ಓ ಗುಂಪುಗಳು ಆಫ್ರಿಕಾ, ಏಷ್ಯಾ, ಯೂರೋಪು ಮೂರರಲ್ಲಿಯೂ ಇರುವವು. ರಕ್ತವು ಮುಖವನ್ನು ನೋಡುವದಿಲ್ಲ.

1972ರಲ್ಲಿ ಲೆವಾಂಟಿನ್ ಎಂಬ ವಿಜ್ಞಾನಿಯು ಮತ್ತೊಂದು ಲೆಕ್ಕವನ್ನು ತೋರಿಸಿದನು: ಮನುಷ್ಯರೊಳಗಿನ ವಂಶಭೇದಗಳನ್ನು ನೂರು ಪಾಲೆಂದು ಎಣಿಸಿದರೆ ಸುಮಾರು 85 ಪಾಲು ಒಂದೊಂದು ಜನಸಮೂಹದ ಒಳಗೇ ಇರುವವು.

ಪರರ ತಪ್ಪನ್ನು ಹೇಳಿ ಸುಮ್ಮನಿರಬಾರದು. ಹುಡುಗಿಯು ಕಪ್ಪೆಂದು ಸಂಬಂಧ ಬಿಡುವವರೂ, ಮಗುವನ್ನು ‘ಕರಿಯ’ ಎಂದು ಹಂಗಿಸುವವರೂ ನಮ್ಮ ಸಭೆಗಳಲ್ಲಿ ಇಲ್ಲವೇ? ಅವರ ಕೈಯಲ್ಲಿಯೂ ರಿಸ್ಲಿಯ ಅಳತೆಗೋಲೇ ಇರುವದು. ಅದನ್ನು ಕೆಳಗಿಡೋಣ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಚರ್ಮದ ಬಣ್ಣವು ಬೇರೆ ಬೇರೆಯಾಗಲು ಕಾರಣವೇನು?
2. ರಿಸ್ಲಿಯ ವಾದವು ಯಾಕೆ ನಿಲ್ಲಲಾರದು?
3. ನಾವು ಯಾರನ್ನಾದರೂ ಬಣ್ಣದಿಂದ ಅಳೆದಿದ್ದೇವೋ?