ಪಿಕಪ್ ವಾಹನಕ್ಕೆ ಹೆಚ್ಚುವರಿ ದೀಪ: ಇಂಜಿನ್ ಗೋಡೆಯ ಮೂಲಕ ತಂತಿ ಎಳೆಯುವ ಕ್ರಮ

ತರಕಾರಿ, ಹೂವು, ಹಾಲು ಸಾಗಿಸಲು ಇಂದು ಅನೇಕ ರೈತರು ಸ್ವಂತ ಪಿಕಪ್ ವಾಹನ ಇಟ್ಟುಕೊಂಡಿದ್ದಾರೆ. ಬೆಳಗಿನ ಹರಾಜಿಗೆ ಟೊಮೆಟೊ ಮುಟ್ಟಬೇಕಾದರೆ ರಾತ್ರಿಯೇ ಹೊಲದಲ್ಲಿ ಕ್ರೇಟುಗಳನ್ನು ತುಂಬಬೇಕಾಗುತ್ತದೆ. ಇದಕ್ಕಾಗಿ ವಾಹನದ ಹಿಂಬದಿಗೆ ಎರಡು ದೀಪ ಹಾಕಿಸಿಕೊಳ್ಳುವುದು ರೂಢಿಯಾಗಿದೆ. ದೀಪ ಕೂರಿಸುವುದು ಸುಲಭ. ಆದರೆ ಅದರ ತಂತಿಯನ್ನು ಇಂಜಿನ್ ಬದಿಯಿಂದ ಕ್ಯಾಬಿನ್ನಿಗೆ ತರುವ ಕೆಲಸದಲ್ಲಿ ಅಜಾಗರೂಕತೆ ತೋರಿದರೆ ವಾಹನಕ್ಕೇ ಬೆಂಕಿ ಹತ್ತಬಹುದು.

ಅಪಾಯ ಎಲ್ಲಿದೆ?

ಮುಂದೆ ಬಾನೆಟ್ ಇರುವ ವಾಹನಗಳಲ್ಲಿ ಇಂಜಿನ್ ಮತ್ತು ಕ್ಯಾಬಿನ್ ನಡುವೆ ಉಕ್ಕಿನ ತಗಡಿನ ಗೋಡೆ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಫೈರ್‌ವಾಲ್ ಎನ್ನುತ್ತಾರೆ. ಇಂಜಿನ್ ಬದಿಯ ಶಾಖ, ಹೊಗೆ ಮತ್ತು ಬೆಂಕಿಯನ್ನು ತಡೆಯುವುದು ಇದರ ಕೆಲಸ. ಈ ತಗಡಿನಲ್ಲಿ ಕೊರೆದ ತೂತಿನ ಅಂಚು ಕುಡುಗೋಲಿನ ಅಲಗಿನಂತೆ ಹರಿತ. ತಂತಿಯನ್ನು ಬರಿದಾಗಿ ತೂರಿಸಿದರೆ, ಇಂಜಿನ್ ನಡುಗಿದಂತೆಲ್ಲ ಅದರ ಹೊದಿಕೆ ದಿನದಿನವೂ ಸವೆಯುತ್ತದೆ. ಶಾಖದಿಂದ ಮೆತ್ತಗಾದ ಹೊದಿಕೆ ಇನ್ನೂ ಬೇಗ ಸವೆಯುತ್ತದೆ.

ವಾಹನದ ಮೈಯೆಲ್ಲ ಬ್ಯಾಟರಿಯ ಋಣ ತುದಿಗೆ ಸೇರಿರುತ್ತದೆ. ಆದ್ದರಿಂದ ಒಳಗಿನ ತಾಮ್ರ ತಗಡಿಗೆ ತಾಗಿದ ಕ್ಷಣವೇ ನೂರಾರು ಆಂಪಿಯರ್ ವಿದ್ಯುತ್ ಹರಿಯಬಹುದು. ತಂತಿ ಕೆಂಪಗೆ ಕಾದು ಅಕ್ಕಪಕ್ಕದ ತಂತಿಗಳನ್ನೂ ಸುಡುತ್ತದೆ.

ಫ್ಯೂಸ್ ಇದ್ದರೂ ಅದು ಎಲ್ಲಿದೆ ಎಂಬುದು ಮುಖ್ಯ. ಅನೇಕರು ಕೈಗೆ ಸಿಗಲೆಂದು ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಹಾಕಿಸುತ್ತಾರೆ. ಫ್ಯೂಸ್ ತನ್ನಿಂದ ಮುಂದಿರುವ ತಂತಿಯನ್ನು ಮಾತ್ರ ಕಾಯುತ್ತದೆ. ಬ್ಯಾಟರಿಯಿಂದ ತನ್ನವರೆಗೆ ಬರುವ ತಂತಿಯನ್ನು ಕಾಯುವುದಿಲ್ಲ. ಅಂದರೆ ಸವೆತ ಹೆಚ್ಚಾಗಿರುವ ಜಾಗಕ್ಕೇ ರಕ್ಷಣೆ ಇಲ್ಲದಂತಾಗುತ್ತದೆ. ಆದ್ದರಿಂದ ಫ್ಯೂಸ್ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು.

ತಂತಿ ಮತ್ತು ಫ್ಯೂಸಿನ ಆಯ್ಕೆ

12 ವೋಲ್ಟ್ ವಾಹನದಲ್ಲಿ 55 ವಾಟಿನ ಎರಡು ಹ್ಯಾಲೊಜನ್ ದೀಪಗಳು ಉರಿದರೆ 110ನ್ನು 12ರಿಂದ ಭಾಗಿಸಿದಂತೆ ಸುಮಾರು 9.2 ಆಂಪಿಯರ್ ಹರಿಯುತ್ತದೆ. 5 ಮೀಟರ್ ಉದ್ದದ 0.5 ಚದರ ಮಿಲಿಮೀಟರ್ ತಂತಿ ಬಳಸಿದರೆ ಅದರಲ್ಲೇ ಸುಮಾರು 1.6 ವೋಲ್ಟ್ ನಷ್ಟವಾಗುತ್ತದೆ; ದೀಪ ಮಂಕಾಗುತ್ತದೆ, ತಂತಿ ಬಿಸಿಯಾಗುತ್ತದೆ. 2.5 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ ಸುಮಾರು 0.3 ವೋಲ್ಟ್ ಮಾತ್ರ. ಇದಕ್ಕೆ 15 ಆಂಪಿಯರ್ ಫ್ಯೂಸ್ ಸಾಕು. 18 ವಾಟಿನ ಎರಡು ಎಲ್‌ಇಡಿ ದೀಪಗಳಾದರೆ 3 ಆಂಪಿಯರ್ ಮಾತ್ರ ಬೇಕು; 5 ಆಂಪಿಯರ್ ಫ್ಯೂಸ್ ಹಾಕಬಹುದು. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ನಡುಗಿ ಮುರಿಯುತ್ತದೆ. ಹಲವು ಎಳೆಗಳ ವಾಹನದ ತಂತಿಯನ್ನೇ ಬಳಸಬೇಕು.

ರಿಲೇ ಬಳಸಿದರೆ ಲಾಭ

ಹ್ಯಾಲೊಜನ್ ದೀಪಗಳಿಗೆ ರಿಲೇ ಹಾಕುವುದು ಉತ್ತಮ. ಆಗ ಹೆಚ್ಚು ವಿದ್ಯುತ್ ಒಯ್ಯುವ ದಪ್ಪ ತಂತಿ ಕ್ಯಾಬಿನ್ನಿಗೆ ಬರಬೇಕಾದುದೇ ಇಲ್ಲ. ರಿಲೇಯ 30ನೇ ತುದಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ ತಂತಿ, 87ಕ್ಕೆ ದೀಪದ ತಂತಿ, 85ಕ್ಕೆ ವಾಹನದ ಮೈ, 86ಕ್ಕೆ ಸ್ವಿಚ್ಚಿನ ತಂತಿ ಸೇರಬೇಕು. ಸ್ವಿಚ್ಚಿಗೆ ಕ್ಯಾಬಿನ್ನಿನ ಫ್ಯೂಸ್ ಪೆಟ್ಟಿಗೆಯಿಂದ, ಫ್ಯೂಸ್ ದಾಟಿ ಬಂದ ವಿದ್ಯುತ್ತನ್ನೇ ಕೊಡಬೇಕು. ಹೀಗೆ ಮಾಡಿದರೆ ಗೋಡೆ ದಾಟುವುದು ಒಂದೇ ಸಣ್ಣ ತಂತಿ. ಅದರಲ್ಲಿ ಹರಿಯುವುದು ಸುಮಾರು 0.2 ಆಂಪಿಯರ್. ರಿಲೇಯನ್ನು ಸೈಲೆನ್ಸರ್ ಕೊಳವೆಯಿಂದ ದೂರ, ನೀರು ನಿಲ್ಲದಂತೆ ತುದಿಗಳು ಕೆಳಮುಖವಾಗಿರುವ ಹಾಗೆ ಕೂರಿಸಬೇಕು.

ಗೋಡೆ ದಾಟಿಸುವ ಕ್ರಮ

1. ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿಡಿ. ಏರ್‌ಬ್ಯಾಗ್ ಇರುವ ವಾಹನವಾದರೆ ಕೆಲವು ನಿಮಿಷ ಕಾಯಿರಿ. ಹಳದಿ ಹೊದಿಕೆಯ ತಂತಿಗಳನ್ನು ಮುಟ್ಟಬೇಡಿ.

2. ಹೊಸ ತೂತು ಕೊರೆಯುವ ಮುಂಚೆ ಇರುವ ದಾರಿ ಹುಡುಕಿ. ಕೆಲವು ವಾಹನಗಳ ಗೋಡೆಯಲ್ಲಿ ಬಳಸದ ತೂತನ್ನು ರಬ್ಬರ್ ಮುಚ್ಚಳದಿಂದ ಮುಚ್ಚಿರುತ್ತಾರೆ. ಆ ಮುಚ್ಚಳವನ್ನು ದಬ್ಬಳದಿಂದ ಚುಚ್ಚಿ, ತಂತಿ ಬಿಗಿಯಾಗಿ ಹಿಡಿಯುವಷ್ಟೇ ದಾರಿ ಮಾಡಿ.

3. ಕೊರೆಯಲೇಬೇಕಾದರೆ ಗೋಡೆಯ ಎರಡೂ ಬದಿಯನ್ನು ಟಾರ್ಚ್ ಹಿಡಿದು ನೋಡಿ. ಬ್ರೇಕ್ ಕೊಳವೆ, ಕ್ಲಚ್, ಎ.ಸಿ. ಕೊಳವೆ, ಮೂಲ ತಂತಿಗಳ ಕಟ್ಟು ಇರುವ ಕಡೆ ಕೊರೆಯಬಾರದು. ಡ್ರಿಲ್ ಬಿಟ್ಟಿಗೆ ಮರದ ತುಂಡು ಪೋಣಿಸಿ, ತುದಿ ಮಾತ್ರ ಹೊರಗಿರುವಂತೆ ಮಾಡಿದರೆ ಅದು ಆಚೆಬದಿಗೆ ಆಳವಾಗಿ ನುಗ್ಗುವುದಿಲ್ಲ.

4. ಮೊದಲು 3 ಮಿಲಿಮೀಟರ್ ತೂತು ಹಾಕಿ, ಅನಂತರ ರಬ್ಬರ್ ಗ್ರಾಮೆಟ್ಟಿನ ಕುತ್ತಿಗೆಯ ಅಳತೆಗೆ ದೊಡ್ಡದು ಮಾಡಿ. ಅಂಚನ್ನು ಅರದಿಂದ ಉಜ್ಜಿ, ಕಬ್ಬಿಣದ ಪುಡಿಯನ್ನು ಒರೆಸಿ ತೆಗೆದು, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿಯಿರಿ. ಒಣಗಿದ ಮೇಲೆ ಗ್ರಾಮೆಟ್ ಕೂರಿಸಿ.

5. ತಂತಿಗೆ ಸುರುಳಿ ಪೈಪಿನ ಕವಚ ತೊಡಿಸಿ ತೂರಿಸಿ. ಇಂಜಿನ್ ಬದಿಯಲ್ಲಿ ತಂತಿ ತೂತಿಗಿಂತ ಕೆಳಗೆ ಇಳಿದು, ಮತ್ತೆ ಮೇಲೇರಿ ಒಳಹೋಗಬೇಕು. ಆಗ ಮಳೆ ನೀರು ಕೆಳಬಾಗಿಲಲ್ಲೇ ತೊಟ್ಟಿಕ್ಕುತ್ತದೆ, ಕ್ಯಾಬಿನ್ನಿಗೆ ಬರುವುದಿಲ್ಲ. ಉಳಿದ ಸಂದನ್ನು ಸಿಲಿಕಾನ್ ಅಂಟಿನಿಂದ ಮುಚ್ಚಿ.

6. ಗೋಡೆಯ ಎರಡೂ ಬದಿಯಲ್ಲಿ, ಮುಂದೆ ಗೇಣಿಗೊಂದರಂತೆ ತಂತಿಯನ್ನು ಕಟ್ಟಿ. ಪೆಡಲು, ಸ್ಟೇರಿಂಗ್, ಫ್ಯಾನ್ ಬೆಲ್ಟ್, ಬಿಸಿ ಕೊಳವೆಗಳಿಗೆ ತಾಗಬಾರದು.

ಅನಂತರದ ಎಚ್ಚರಿಕೆ

ದೀಪವನ್ನು ಹತ್ತು ನಿಮಿಷ ಉರಿಸಿ ತಂತಿ ಮತ್ತು ಜೋಡಣೆಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಜೋಡಣೆ ಸಡಿಲವಾಗಿದೆ ಅಥವಾ ತಂತಿ ಸಣ್ಣದಾಗಿದೆ. ಫ್ಯೂಸ್ ಹೋದರೆ ಕಾರಣ ಹುಡುಕಬೇಕು. ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ತಂತಿಯ ಎಳೆ ಕಟ್ಟುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಕಣಜ, ಹುಲ್ಲಿನ ಬಣವೆಯ ಹತ್ತಿರ ನಿಲ್ಲಿಸುವ ವಾಹನಗಳಲ್ಲಿ ಇಲಿಗಳು ತಂತಿ ಕಡಿಯುತ್ತವೆ. ಹಂಗಾಮಿಗೊಮ್ಮೆ ಬಾನೆಟ್ ತೆರೆದು ಗ್ರಾಮೆಟ್ ಇರುವ ಜಾಗವನ್ನು ಪರೀಕ್ಷಿಸಬೇಕು.

ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧಗಳಿವೆ. ದೀಪ ಹಾಕಿಸುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಾರಂಟಿಯ ಷರತ್ತುಗಳನ್ನೂ ಓದಿ. ಹೊಲದ ಕೆಲಸದ ದೀಪವನ್ನು ರಸ್ತೆಯಲ್ಲಿ ಉರಿಸಬಾರದು.

ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣ ತರಬೇತಿಗಳಲ್ಲಿ ತೂತು ಕೊರೆದ ತಗಡಿನ ತುಂಡಿನ ಮೇಲೆ ತಂತಿಯನ್ನು ಹಿಂದೆ ಮುಂದೆ ಎಳೆದು ತೋರಿಸಿದರೆ, ಗ್ರಾಮೆಟ್ ಏಕೆ ಬೇಕೆಂಬುದು ರೈತರಿಗೆ ಕೂಡಲೇ ಮನದಟ್ಟಾಗುತ್ತದೆ. ಕೆಲವೇ ರೂಪಾಯಿಗಳ ರಬ್ಬರು ಮತ್ತು ಸರಿಯಾದ ಜಾಗದಲ್ಲಿ ಇಟ್ಟ ಒಂದು ಫ್ಯೂಸ್, ಲಕ್ಷಾಂತರ ರೂಪಾಯಿ ಬೆಲೆಯ ವಾಹನವನ್ನೂ ಅದರಲ್ಲಿ ಕುಳಿತವರ ಜೀವವನ್ನೂ ಕಾಯುತ್ತವೆ.