ಹೆಡರಿನ ಮಗ್ಗುಲಲ್ಲಿ ತೈಲದ ದಾರಿ

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯುಸ್ಸು ಅದರ ತೈಲದ ಆಯುಸ್ಸನ್ನು ನೆಚ್ಚಿಕೊಂಡಿರುವುದೆಂದೂ, ಆ ತೈಲವನ್ನು ರೇಡಿಯೇಟರಿನ ತನಕ ಒಯ್ದು ತಣಿಸಿ ಮರಳಿ ತರುವ ಎರಡು ಸಣ್ಣ ಕೊಳವೆಗಳು ಯಾವ ದಾರಿಯಲ್ಲಿ ಸಾಗುವುವೆಂಬುದು ಗೌಣವಾದ ಸಂಗತಿಯಲ್ಲವೆಂದೂ ಯಂತ್ರಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗಲೇ ಓದಿ ತಿಳಿದಿದ್ದೆನಾದರೂ, ಆ ತಿಳಿವಳಿಕೆ ಅನುಭವವಾಗಿ ಮೈಗೂಡಿದ್ದು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲೆಸಿದ ಮೇಲೆ, 1971ರ ಷೆವರ್ಲೆ ಸಿ-10 ಪಿಕಪ್ ಟ್ರಕ್ಕೊಂದನ್ನು ಕೊಂಡು ಅದರ ಅಡಿಯಲ್ಲಿ ಬೆನ್ನು ಹಾಸಿ ಮಲಗಿದಾಗ.

350 ಘನ ಅಂಗುಲದ ವಿ-8 ಎಂಜಿನ್ನೂ ಅದರ ಬೆನ್ನಿಗೆ ಟರ್ಬೊ ಹೈಡ್ರಮ್ಯಾಟಿಕ್ 350 ಗೇರ್‌ಬಾಕ್ಸೂ ಇದ್ದ ಆ ವಾಹನದಲ್ಲಿ, ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡು ಎಂಜಿನ್ನಿನ ಮೈಗಂಟಿಕೊಂಡೇ ಇರುತ್ತಿದ್ದುದರಿಂದ, ಅದರ ಕೆಳಗೆ ಬಲಮಗ್ಗುಲಿನಲ್ಲಿ ಆಯಿಲ್ ಚೇಂಬರಿನ ಅಂಚನ್ನನುಸರಿಸಿ 5/16 ಅಂಗುಲ ವ್ಯಾಸದ ಉಕ್ಕಿನ ಕೊಳವೆಗಳೆರಡು ನಿರಾತಂಕವಾಗಿ ಮುಂದಕ್ಕೆ ಹೋಗುವಂತೆ ಕಾರ್ಖಾನೆಯವರು ಏರ್ಪಡಿಸಿದ್ದರು. ಹಿಂದಿನ ಮಾಲೀಕರು ಮ್ಯಾನಿಫೋಲ್ಡನ್ನು ಕಳಚಿ ಉದ್ದಕೊಳವೆಯ ಹೆಡರುಗಳನ್ನು ಕೂರಿಸಿದ್ದರು. ಪ್ರತಿ ಮಗ್ಗುಲಿನ ನಾಲ್ಕು ನಳಿಕೆಗಳು ಇಳಿಜಾರಾಗಿ ಬಂದು ಬೆಲ್ ಹೌಸಿಂಗಿನ ಬಳಿ ಒಂದುಗೂಡುವ ಸ್ಥಳವು ತೈಲದ ಕೊಳವೆಗಳ ಮೂಲ ಮಾರ್ಗವೇ ಆಗಿದ್ದುದರಿಂದ, ಉಕ್ಕನ್ನು ಕತ್ತರಿಸಿ ರಬ್ಬರ್ ಹೋಸಿನ ತುಂಡುಗಳಿಂದ ಬೆಸೆದು, ಹೆಡರಿನಿಂದ ಬೆರಳಗಲದಷ್ಟೇ ದೂರದಲ್ಲಿ ಅವನ್ನು ಜೋತುಬಿಡಲಾಗಿತ್ತು. ಬಾಗಿಸಿ ನೋಡಿದರೆ ಹೋಸಿನ ಮೈತುಂಬ ಕೂದಲಿನಷ್ಟು ಸಣ್ಣ ಬಿರುಕುಗಳು; ಬೆರಳಿನಿಂದುಜ್ಜಿದರೆ ಕರಿಯ ಪುಡಿ; ಎಂಜಿನ್ ಆಯಿಲಿನಿಂದ ಬೇರೆಯೆಂದು ಗುರುತಾಗಲೆಂದು ಕೆಂಪು ಬಣ್ಣ ಕಟ್ಟಿದ ತೈಲವು ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬೀರುತ್ತಿತ್ತು.

ಈ ತೈಲವು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಖವಾಗಿರತಕ್ಕುದು; 175 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 80 ಡಿಗ್ರಿ ಸೆಲ್ಸಿಯಸ್ಸಿನಷ್ಟನ್ನು, ಮೀರಿದ ಮೇಲೆ ಏರುವ ಪ್ರತಿ 20 ಫ್ಯಾರನ್‌ಹೀಟ್ ಡಿಗ್ರಿಗೂ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಇಲ್ಲಿನ ಗೇರ್‌ಬಾಕ್ಸ್ ಕೆಲಸಗಾರರ ರೂಢಿಯ ಲೆಕ್ಕ. ಹೆಡರಿನ ಮೈಯೋ ನೂರಾರು ಡಿಗ್ರಿಗಳಷ್ಟು ಕಾಯುವಂಥದು. ಗಾಡಿ ಓಡುತ್ತಿರುವಾಗ ಗಾಳಿಯೂ ಹರಿಯುತ್ತದೆ, ತೈಲವೂ ಹರಿಯುತ್ತದೆ. ಎಂಜಿನ್ನನ್ನು ನಿಲ್ಲಿಸಿದೊಡನೆಯೇ ಎರಡೂ ನಿಂತು, ಕೊಳವೆಯಲ್ಲಿ ಸಿಕ್ಕಿಕೊಂಡ ತೈಲವು ಹೆಡರಿನ ವಿಕಿರಣಕ್ಕೆ ಇದ್ದಲ್ಲೇ ಬೇಯತೊಡಗುತ್ತದೆ. ಬಿರುಕುಬಿಟ್ಟ ಹೋಸಿನಿಂದ ಅದೇ ತೈಲವು ಕಾದ ನಳಿಕೆಯ ಮೇಲೆ ತೊಟ್ಟಿಕ್ಕಿತೆಂದರೆ ವಾಹನವೇ ಅಗ್ನಿಗಾಹುತಿಯಾದೀತು.

ಆದರೆ ಶಾಖಕ್ಕಿಂತಲೂ ಹೆಚ್ಚು ಹೊತ್ತು ನನ್ನನ್ನು ಚಿಂತನೆಗೆ ಹಚ್ಚಿದ್ದು ಚಲನೆ. ಎಂಜಿನ್ನು ರಬ್ಬರಿನ ಮೌಂಟಿಂಗುಗಳ ಮೇಲೆ ಕುಳಿತಿರುವ ವಸ್ತು. ವೇಗವರ್ಧಕವನ್ನು ಬಲವಾಗಿ ಒತ್ತಿದಾಗ ಅದರ ಎಡಮಗ್ಗುಲು ಮೇಲೇಳುತ್ತದೆ, ಬಲಮಗ್ಗುಲು ಕೆಳಕ್ಕೆ ಕುಸಿಯುತ್ತದೆ. ಚಾಸಿ ಹಾಗೆ ಕದಲುವುದಿಲ್ಲ. ಉಕ್ಕಿನ ಕೊಳವೆಯೊಂದನ್ನು ಒಂದೆಡೆ ಎಂಜಿನ್ನಿಗೂ ಇನ್ನೊಂದೆಡೆ ಚಾಸಿಗೂ ಬಿಗಿದರೆ ಅದು ಎರಡು ದೋಣಿಗಳ ಮೇಲೆ ಕಾಲಿಟ್ಟವನಂತೆ ಒಂದು ದಿನ ಸೀಳಲೇಬೇಕು. ಚಾಸಿಯ ಪಟ್ಟಿಯ ಗುಂಟ ಕೊಳವೆಯನ್ನೊಯ್ಯುವ ಪದ್ಧತಿಯನ್ನು ಅನೇಕರು ಮೆಚ್ಚುವರಾದರೂ, ಅದರಲ್ಲಿ ಗೇರ್‌ಬಾಕ್ಸಿನ ಬಳಿಯಲ್ಲೇ, ಹೆಡರಿನ ನಳಿಕೆಗಳು ಒಂದುಗೂಡುವ ಅತ್ಯುಷ್ಣ ಸ್ಥಳದಲ್ಲಿಯೇ, ಬಾಗುವ ಹೋಸನ್ನಿಡಬೇಕಾಗುವುದರಿಂದ ಅದು ನನಗೆ ಒಪ್ಪಿಗೆಯಾಗಲಿಲ್ಲ. ಹೆಡರು ಎಂಜಿನ್ನಿಗೆ ಸೇರಿದ್ದು. ಕೊಳವೆಯನ್ನೂ ಎಂಜಿನ್ನಿಗೇ ಸೇರಿಸಿದರೆ ಎಂಜಿನ್ನು ಎಷ್ಟೇ ಹೊಯ್ದಾಡಿದರೂ ಅವೆರಡರ ನಡುವಿನ ಅಂತರ ಬದಲಾಗದು. ಆದುದರಿಂದ ಹೆಡರಿಗೂ ಆಯಿಲ್ ಚೇಂಬರಿಗೂ ನಡುವಿನ ಸಂದಿಯಲ್ಲಿ, ಚೇಂಬರಿನ ಬೋಲ್ಟುಗಳಿಗೆ ರಬ್ಬರ್ ತೊಡಿಸಿದ ಕ್ಲ್ಯಾಂಪುಗಳನ್ನು ಸಿಕ್ಕಿಸಿ ಉಕ್ಕನ್ನೇ ಮುಂದಿನ ತನಕ ಒಯ್ದು, ರೇಡಿಯೇಟರಿನ ಸಮೀಪದ ತಂಪು ಜಾಗದಲ್ಲಿ ಮಾತ್ರ, ಫ್ಯಾನಿನ ರೆಕ್ಕೆಗೆ ತಾಗದಂತೆ, ಟ್ರಾನ್ಸ್‌ಮಿಷನ್ ತೈಲಕ್ಕೆಂದೇ ತಯಾರಾದ ಹೋಸಿನ ಗಿಡ್ಡ ತುಂಡನ್ನು ಹಾಕಿದೆನು. ಪೆಟ್ರೋಲಿನ ಹೋಸು ಈ ಕೆಲಸಕ್ಕೆ ಸಲ್ಲದು. ತಾಮ್ರದ ಕೊಳವೆಯೂ ಸಲ್ಲದು, ಏಕೆಂದರೆ ಸತತ ಕಂಪನದಿಂದ ತಾಮ್ರವು ಗಡುಸಾಗಿ ಬಿರಿಯುತ್ತದೆ.

ಕೊಳವೆಯನ್ನು ಬಾಗಿಸುವುದು ತಾಳ್ಮೆಯನ್ನು ಬೇಡುವ ವಿದ್ಯೆ. ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿಯನ್ನು ನೇರಮಾಡಿ, ಹೆಡರಿನ ಮಗ್ಗುಲಲ್ಲಿ ತೂರಿಸಿ, ಒಂದೊಂದೇ ತಿರುವನ್ನು ಕೈಯಿಂದ ರೂಪಿಸಿ, ಕನಿಷ್ಠ ಎರಡು ಬೆರಳು ಎಲ್ಲೆಡೆಯೂ ಸಲೀಸಾಗಿ ತೂರುವವೆಂದು ಖಚಿತಪಡಿಸಿಕೊಂಡ ತರುವಾಯವೇ, ಆ ತಂತಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟು ಬೆಂಡರಿನಲ್ಲಿ ಉಕ್ಕಿಗೆ ಅದೇ ಆಕೃತಿಯನ್ನು ಕೊಟ್ಟೆನು. ತುದಿಯನ್ನು ಅರಳಿಸುವ ಮೊದಲೇ ನಟ್ಟನ್ನು ಕೊಳವೆಗೆ ಪೋಣಿಸಿಡಬೇಕು. 45 ಡಿಗ್ರಿಯ ಫ್ಲೇರಿಗೆ 37 ಡಿಗ್ರಿಯ ಫಿಟಿಂಗು ಮೇಲ್ನೋಟಕ್ಕೆ ಹೊಂದಿದಂತೆ ಕಂಡರೂ ಸೋರದೆ ಇರಲಾರದು. ರೇಡಿಯೇಟರಿನಲ್ಲಿ ನಟ್ಟನ್ನು ಬಿಗಿಯುವಾಗ ಇನ್ನೊಂದು ಸ್ಪ್ಯಾನರಿನಿಂದ ಫಿಟಿಂಗನ್ನು ಹಿಡಿದುಕೊಳ್ಳದಿದ್ದರೆ ಟ್ಯಾಂಕಿನ ಬೆಸುಗೆಯೇ ಕಿತ್ತುಬಂದೀತು.

ಸಂದಿ ಇಕ್ಕಟ್ಟಾಗಿದ್ದ ಒಂದೆಡೆಯಲ್ಲಿ ಹೊಳಪಿನ ಅಲ್ಯುಮಿನಿಯಮ್ ತಗಡನ್ನು ಹೆಡರನ್ನೂ ಕೊಳವೆಯನ್ನೂ ಮುಟ್ಟದಂತೆ ನಡುವೆ ನಿಲ್ಲಿಸಿದೆ. ಹೆಡರಿಗೇ ಶಾಖನಿರೋಧಕ ಪಟ್ಟಿಯನ್ನು ಸುತ್ತುವುದು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಈ ಪ್ರಾಂತದಲ್ಲಿ ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಿಯು ತೇವವನ್ನು ಹಿಡಿದಿಟ್ಟು ನಳಿಕೆಯನ್ನು ತುಕ್ಕಿಗೆ ಒಪ್ಪಿಸುತ್ತದೆ.

ಇದೇ ಬಗೆಯ ಟ್ರಕ್ಕನ್ನಿಟ್ಟುಕೊಂಡ ನೆರೆಯವರು ನನ್ನ ತಂತಿಯ ಮಾದರಿಯನ್ನು ಎರವಲು ಕೇಳಿದಾಗ ಸಂತೋಷದಿಂದ ಕೊಟ್ಟೆ. ಅವರ ಗಾಡಿಗೆ ಅದು ಹೊಂದಲಿಲ್ಲ. ಅಂಗಡಿಯಲ್ಲಿ ಸಿಗುವ, ಮೊದಲೇ ಬಾಗಿಸಿದ ಕೊಳವೆಗಳು ಮೂಲ ಮ್ಯಾನಿಫೋಲ್ಡಿಗೆ ತಕ್ಕವು. ಹೆಡರುಗಳೋ ತಯಾರಕರಿಂದ ತಯಾರಕರಿಗೆ ಬೇರೆ ಬೇರೆ ಬಾಗುವಂಥವು. ಮುಂದಿನ ಶನಿವಾರ ಇನ್ನೊಂದು ಹ್ಯಾಂಗರನ್ನು ನೇರಮಾಡಿಕೊಂಡು ನಾವಿಬ್ಬರೂ ಅವರ ಟ್ರಕ್ಕಿನ ಕೆಳಗೆ ಸೇರಿದೆವು.